ಯಾರ ಬ್ಯಾಂಡು ಸ್ವಾಮಿ?

"ಗಂಡ ಹೆಂಡತಿ ಸೇರಿ ಬ್ಯಾಂಡ್ ಕಟ್ಟಿದರೆ ಯಜಮಾನಿಕೆ ಯಾರದು?" ಸೀನ ಕೇಳಿದ.

"ಹೆಸರು ನೋಡಿದರೆ ಗೊತ್ತಾಗುತ್ತಲ್ಲ," ಅಂದಳು ವಸುಧಾ. "ತೋಶಿಕೊ ಮರಿಯಾನೊ ಕ್ವಾರ್ಟೆಟ್. 1960ರ ಡಿಸೆಂಬರಿನಲ್ಲಿ ರೆಕಾರ್ಡ್ ಮಾಡಿದ್ದು."

"ತೋಶಿಕೊ ಅಂದ್ರೆ ಜಾಝ್ ಪಿಯಾನೊ ನುಡಿಸುವ ಜಪಾನಿನ ಅಕಿಯೋಶಿ. ಮರಿಯಾನೊ ಅಂದ್ರೆ ಆಕೆಯ ಗಂಡ, ಬಾಸ್ಟನ್ನಿನ ಸ್ಯಾಕ್ಸೋಫೋನ್ ವಾದಕ ಚಾರ್ಲಿ. ಸಮಪಾಲು."

"ಎಲ್ಲಿಯ ಸಮಪಾಲು! ಮದುವೆಯಾದ ಮೇಲೆ ಆಕೆಯ ಪೂರ್ತಿ ಹೆಸರೇ ತೋಶಿಕೊ ಮರಿಯಾನೊ. ಚಾರ್ಲಿಯ ಮನೆತನ ಬೋರ್ಡಿಗೆ ಬಂತು, ಚಾರ್ಲಿ ಬರಲಿಲ್ಲ."

ರಮೇಶನಿಗೆ ಪಾಪ ಅನ್ನಿಸಿತು. ಗಂಡಸರ ಪರ ವಾದಕ್ಕೆ ಅವನು ಸದಾ ಸಿದ್ಧ. "ಹೋಗ್ಲಿ, ಬಾಸ್ಟನ್ನಿನವನು ಜಪಾನಿ ಸಂಗೀತವನ್ನಾದರೂ ಕಲಿತನಾ?"

"ಆಗ ಆಕೆಯೇ ನುಡಿಸುತ್ತಿದ್ದದ್ದು ಅಪ್ಪಟ ಬಿಬಾಪ್, ಅಮೆರಿಕದ ಜಾಝ್ ಶೈಲಿ. 1956ರಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಗೆ ಓದಲು ಹೋದವಳು. ಕಿಮೋನೊ ಉಟ್ಟು ಜಾಝ್ ನುಡಿಸುತ್ತಾಳಂತೆ ಅಂತ ಜನ ನೋಡಲು ಬರುತ್ತಿದ್ದರು. ಕೇಳಲು ಬಂದವರು ಎಷ್ಟು ಮಂದಿಯೋ."

ಆ ಮದುವೆ ಮುರಿಯಿತು. ಮುಂದೆ ಲೂ ಟಬಾಕಿನ್ ಜೊತೆ ಮದುವೆ.

"ಅವನದು ಯಾವ ವಾದ್ಯ?"

"ಸ್ಯಾಕ್ಸೋಫೋನ್. ಕೊಳಲೂ ನುಡಿಸುತ್ತಾನೆ."

ಸೀನ ತಲೆ ಚಚ್ಚಿಕೊಂಡ. "ಬ್ಯಾಂಡಿಗೆ ಜನ ಬೇಕು ಅಂತ ಮದುವೆಯಾಗ್ತಿದ್ದಳಾ?"

"ಈ ಸಲ ಬೋರ್ಡ್ ಮೇಲೆ ಇಬ್ಬರ ಹೆಸರೂ ಇತ್ತು, ಸಮಾಧಾನ ಮಾಡ್ಕೋ. 1973ರಲ್ಲಿ ಲಾಸ್ ಏಂಜಲೀಸಿನಲ್ಲಿ ದೊಡ್ಡ ಬ್ಯಾಂಡ್ ಕಟ್ಟಿದರು. ರಚನೆ, ಸಂಯೋಜನೆ ಎಲ್ಲ ಆಕೆಯದು. ಮುಖ್ಯ ಸೋಲೋ ಅವನದು. ಮರುವರ್ಷ 'ಕೋಗುನ್' ಆಲ್ಬಂ ಬಂತು. ಆಕೆಯ ಸಂಗೀತದೊಳಗೆ ಜಪಾನ್ ಬಂದದ್ದು ಆಗ."

'ಕೋಗುನ್' ರಚನೆಗೆ ಪ್ರೇರಣೆಯಾದವನು ಹಿರೂ ಒನೊಡ. ಎರಡನೇ ಮಹಾಯುದ್ಧ ಮುಗಿದದ್ದನ್ನು ನಂಬದೆ ಫಿಲಿಪ್ಪೀನ್ಸಿನ ಲುಬಾಂಗ್ ದ್ವೀಪದ ಕಾಡಿನಲ್ಲಿ 29 ವರ್ಷ ಅಡಗಿದ್ದ ಜಪಾನಿ ಸೈನಿಕ. ಮೇಲಿಂದ ಎಸೆದ ಕರಪತ್ರಗಳೆಲ್ಲ ಶತ್ರುವಿನ ಮೋಸ ಅಂದುಕೊಂಡಿದ್ದ. ಕೊನೆಗೆ 1974ರಲ್ಲಿ ಅವನ ಹಳೆಯ ಮೇಜರೇ ಕಾಡಿಗೆ ಹೋಗಿ ಆದೇಶ ಓದಿ ಹೇಳಬೇಕಾಯಿತು. ಆ ಮೇಜರ್ ಅಷ್ಟರಲ್ಲಿ ಪುಸ್ತಕ ಮಾರುತ್ತಿದ್ದ.

"ಡ್ಯೂಟಿ ಮುಗೀತು ಅಂತ ಬಾಸ್ ಹೇಳದೆ ಮನೆಗೆ ಹೋಗದವನು! ನಮ್ಮ ಆಫೀಸಿನಲ್ಲಿ ಒಬ್ಬನಾದರೂ ಇದ್ದಿದ್ದರೆ," ಅಂದ ರಮೇಶ. ಅವನು ಈಚೆಗೆ ಮ್ಯಾನೇಜರ್ ಆಗಿದ್ದಾನೆ.

ವಸುಧಾ ಫೋನಿನಲ್ಲಿ 'ಕೋಗುನ್' ಹಾಕಿದಳು. ಜಪಾನಿನ ಸಾಂಪ್ರದಾಯಿಕ ನೋ ನಾಟಕದ ತ್ಸುಜುಮಿ ಮದ್ದಳೆ. ಟಕ್ ಅಂತ ಒಂದು ಪೆಟ್ಟು, ಆಮೇಲೆ ಉದ್ದದ ಖಾಲಿ. ನಡುವೆ ಯಾರೋ ಗಂಟಲಾಳದಿಂದ "ಯೋ…" ಅಂತ ಎಳೆಯುತ್ತಾನೆ. ಅದರ ಮೇಲೆ ಟಬಾಕಿನ್‌ನ ಕೊಳಲು. ಜಪಾನಿನ ಬಿದಿರಿನ ಕೊಳಲಿನ ಹಾಗೆ ಉಸಿರು ಜಾಸ್ತಿ, ಸ್ವರ ಬಾಗುತ್ತದೆ. ನಿಜ ಹೇಳಬೇಕೆಂದರೆ ನನಗೆ ಇಡೀ ಬ್ಯಾಂಡಿನ ಹಿತ್ತಾಳೆ ಗದ್ದಲಕ್ಕಿಂತ ಆ ಖಾಲಿಯೇ ಹಿಡಿಸಿತು.

"ಈ ಮದ್ದಳೆಯಲ್ಲಿ ಎರಡು ಬಗೆ," ಅಂದಳು ವಸುಧಾ. "ಹೆಗಲ ಮೇಲಿಡುವ ಚಿಕ್ಕದರ ಚರ್ಮ ಒದ್ದೆ ಇರಬೇಕು, ಆಗಾಗ ಉಸಿರೂದುತ್ತಾರೆ. ದೊಡ್ಡದನ್ನು ನುಡಿಸುವ ಮೊದಲು ಕೆಂಡದ ಮುಂದಿಟ್ಟು ಒಣಗಿಸುತ್ತಾರೆ."

"ನಮ್ಮ ತಮಟೆ ಕಾಯಿಸಿದ ಹಾಗೆ!"

"ಹ್ಞೂಂ. ಅಂದಹಾಗೆ ನಿಮ್ಮ ಪಾಪದ ಚಾರ್ಲಿ ಸುಮ್ನೆ ಕೂರಲಿಲ್ಲ. ಮಲೇಶಿಯಾಕ್ಕೆ ಹೋಗಿ ನಾದಸ್ವರ ಕಲಿತ. 1983ರಲ್ಲಿ ಬೆಂಗಳೂರಿನ ಗಾಯಕಿ ಆರ್.ಎ. ರಮಾಮಣಿ, ಮೃದಂಗದ ಟಿ.ಎ.ಎಸ್. ಮಣಿ ತಂಡದ ಜೊತೆ 'ಜ್ಯೋತಿ' ಆಲ್ಬಂ ಮಾಡಿದ."

"ತಡಿ ತಡಿ," ಅಂದ ಸೀನ. "ಅಮೆರಿಕದ ಸ್ಯಾಕ್ಸೋಫೋನಿನವನು ನಾದಸ್ವರ ಹಿಡಿದ. ಇಲ್ಲಿ ನಾದಸ್ವರದ ಮನೆಯ ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನ್ ಹಿಡಿದರು. ಇವರಿಬ್ಬರಿಗೂ ಯಾರಾದರೂ ಮೊದಲೇ ಫೋನ್ ಮಾಡಿಸಬಾರದಿತ್ತಾ?"