ಪದಚರ್ಚೆ: ಸಾರ್ವಜನಿಕ ವ್ಯಕ್ತಿ, ಸಂಪ್ರದಾಯವಾದಿ, ಸಾರ್ವಭೌಮತ್ವ

ಮಾನ್ಯರೇ,

ಅಮೆರಿಕದ ರಾಜಕಾರಣ ಮತ್ತು ಅಲ್ಲಿನ ಮಾಧ್ಯಮಗಳ ಕುರಿತ ಕೆಲವು ಬರಹಗಳನ್ನು ಕನ್ನಡಕ್ಕೆ ತರುವ ಕೆಲಸ ಈಚೆಗೆ ನನ್ನ ಪಾಲಿಗೆ ಬಂದಿದೆ. ನಿಘಂಟು ಕೊಡುವ ಸಮಾನಪದಗಳನ್ನು ನಂಬಿಕೊಂಡು ಹೊರಟಾಗ ಮೂರು ಕಡೆ ವಾಕ್ಯವು ನಾನು ಹೇಳಬೇಕೆಂದದ್ದನ್ನು ಬಿಟ್ಟು ಬೇರೇನನ್ನೋ ಹೇಳತೊಡಗಿತು. ಈ ಮೂರೂ ಪದಗಳು ಕನ್ನಡದಲ್ಲಿ ಮೊದಲೇ ಬೇರೆ ಸಂಸಾರ ಹೂಡಿಕೊಂಡಿವೆ ಎಂಬುದೇ ನನ್ನ ತೊಡಕು. ಬಲ್ಲವರು ದಾರಿ ತೋರಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು ಸಿಕ್ಕಿಬಿದ್ದದ್ದು ‘ಪಬ್ಲಿಕ್ ಫಿಗರ್’. ಅಲಾಸ್ಕಾ ರಾಜ್ಯದ ಗವರ್ನರ್ ಆಗಿದ್ದ ಸಾರಾ ಪೇಲಿನ್ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆಯ ಪ್ರಸ್ತಾಪ ಬಂದಲ್ಲಿ, ‘ಅವರು ಸಾರ್ವಜನಿಕ ವ್ಯಕ್ತಿಯಾದ್ದರಿಂದ ಗೆಲ್ಲುವುದು ಕಷ್ಟವಾಗಿತ್ತು’ ಎಂದು ಬರೆದಿದ್ದೆ. ಕರಡನ್ನು ಓದಿದ ನಮ್ಮ ಅತ್ತಿಗೆ, ‘ಸಾಮಾನ್ಯ ಜನ ಕೇಸು ಹಾಕಿದರೆ ಅಲ್ಲಿಯೂ ಗೆಲ್ಲುವುದಿಲ್ಲವೇ?’ ಎಂದು ಕೇಳಿದರು. ತಪ್ಪು ಅವರದಲ್ಲ. ‘ಸಾರ್ವಜನಿಕರ ಗಮನಕ್ಕೆ’, ‘ಸಾರ್ವಜನಿಕರಿಗೆ ಪ್ರವೇಶವಿಲ್ಲ’ ಎಂಬ ಫಲಕಗಳನ್ನು ದಿನವೂ ಓದುವ ಕನ್ನಡಿಗರಿಗೆ ಸಾರ್ವಜನಿಕರೆಂದರೆ ಹೆಸರಿಲ್ಲದ ನಾವು ನೀವು. ಅಮೆರಿಕದ ನ್ಯಾಯಾಲಯ ಹೇಳುವುದು ಇದಕ್ಕೆ ತೀರ ತಿರುಗಾದ ಅರ್ಥವನ್ನು: ಹತ್ತು ಜನರ ಕಣ್ಣಿಗೆ ಬಿದ್ದಿರುವವರು.

‘ಗಣ್ಯರು’ ಎಂದು ಬದಲಿಸಿ ಕೈತೊಳೆದುಕೊಳ್ಳಬಹುದಿತ್ತು, ಆದರೆ ಅದೂ ಹೊಂದುವುದಿಲ್ಲ. ಅಧಿಕಾರದಲ್ಲಿರುವವರು ಮಾನನಷ್ಟದ ದಾವೆಯನ್ನು ಗೆಲ್ಲಬೇಕಾದರೆ, ಬರೆದವರಿಗೆ ಅದು ಸುಳ್ಳೆಂದು ತಿಳಿದಿತ್ತು ಅಥವಾ ಸುಳ್ಳೋ ನಿಜವೋ ಎಂಬ ಪರಿವೆಯೇ ಅವರಿಗೆ ಇರಲಿಲ್ಲ ಎಂಬುದನ್ನು ತೋರಿಸಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟು 1964ರಲ್ಲಿ ಹೇಳಿತು. 1967ರಲ್ಲಿ ಅದೇ ನಿಯಮ ಪಬ್ಲಿಕ್ ಫಿಗರ್‌ಗಳಿಗೂ ವಿಸ್ತರಿಸಿತು. ಕಟ್ಟಾ ಬಲಪಂಥೀಯ ಸಂಘಟನೆಯಾದ ಜಾನ್ ಬರ್ಚ್ ಸೊಸೈಟಿಯ ಪತ್ರಿಕೆಯೊಂದು ಷಿಕಾಗೊ ನಗರದ ವಕೀಲರಾದ ಎಲ್ಮರ್ ಗರ್ಟ್ಸ್ ಅವರನ್ನು ಕಮ್ಯುನಿಸ್ಟರ ಕಡೆಯವರೆಂದು ಜರೆದಾಗ, 1974ರ ತೀರ್ಪು ಅವರನ್ನು ಪಬ್ಲಿಕ್ ಫಿಗರ್ ಎನ್ನಲು ಒಪ್ಪಲಿಲ್ಲ. ತಮ್ಮ ಊರಿನಲ್ಲಿ ಅವರು ಹೆಸರಾಂತ ವಕೀಲರೇ. ಕನ್ನಡದ ಲೆಕ್ಕದಲ್ಲಿ ಗಣ್ಯರೇ ಸರಿ. ಅದೇ ತೀರ್ಪಿನ ಪ್ರಕಾರ, ಯಾವ ಗಣ್ಯತೆಯೂ ಇಲ್ಲದವನು ಒಂದು ವಿವಾದಕ್ಕೆ ತಾನಾಗಿ ಧುಮುಕಿದರೆ ಅಷ್ಟರ ಮಟ್ಟಿಗೆ ಪಬ್ಲಿಕ್ ಫಿಗರ್ ಆಗಬಲ್ಲ. ಸದ್ಯಕ್ಕೆ ‘ಸಾರ್ವಜನಿಕ ಬದುಕಿನಲ್ಲಿರುವವರು’ ಎಂದು ಬರೆಯುತ್ತಿದ್ದೇನೆ. ಉದ್ದವಾಯಿತು, ಆದರೆ ಅರ್ಥ ಕೆಡುವುದಿಲ್ಲ.

ಎರಡನೆಯದು ‘ಕನ್ಸರ್ವೇಟಿವ್’. ನಮ್ಮ ಪತ್ರಿಕೆಗಳಲ್ಲಿ ‘ಸಂಪ್ರದಾಯವಾದಿ’ ಎಂಬುದೇ ನಿಂತುಬಿಟ್ಟಿದೆ. ವಧೂವರರ ಜಾಹೀರಾತಿನ ‘ಸಂಪ್ರದಾಯಸ್ಥ ಕುಟುಂಬ’ದಿಂದ ಮಡಿ, ಪಂಕ್ತಿಭೇದಗಳವರೆಗೆ ಏನೇನೋ ಈ ಪದದ ಬೆನ್ನು ಹತ್ತಿ ಬರುತ್ತವೆ. ಗರ್ಭಪಾತದ ವಿಷಯದಲ್ಲಿ, ಚರ್ಚಿನ ವಿಷಯದಲ್ಲಿ ಈ ಪದ ತಕ್ಕಮಟ್ಟಿಗೆ ಸಲ್ಲುತ್ತದೆ ಎನ್ನೋಣ. ಆದರೆ 1981ರಲ್ಲಿ ಅಧ್ಯಕ್ಷಪದವಿಯ ಪ್ರಮಾಣ ಸ್ವೀಕರಿಸಿದ ದಿನ ಸರ್ಕಾರವೇ ಸಮಸ್ಯೆ ಎಂದು ಸಾರಿದ ರೊನಾಲ್ಡ್ ರೇಗನ್, ತೆರಿಗೆ ಇಳಿಸಿ ಮಾರುಕಟ್ಟೆಯ ಕಟ್ಟು ಸಡಿಲಿಸಲು ಹೊರಟಾಗ ಕಾಪಾಡಿದ್ದು ಯಾವ ಸಂಪ್ರದಾಯವನ್ನು? 1991ರ ನಂತರ ಇಂಥ ಕ್ರಮಗಳನ್ನು ನಾವು ‘ಉದಾರೀಕರಣ’ ಎಂದು ಕರೆದೆವು. ಹಾಗಾಗಿ ಕನ್ನಡದಲ್ಲಿ ಉದಾರೀಕರಣದ ಪರವಾಗಿ ನಿಲ್ಲುವವನು ಅಮೆರಿಕದಲ್ಲಿ ‘ಉದಾರವಾದಿ’ಯ (ಲಿಬರಲ್) ಎದುರು ಪಾಳೆಯದಲ್ಲಿರುತ್ತಾನೆ. ಇದನ್ನು ಅಡಿಟಿಪ್ಪಣಿಯಿಲ್ಲದೆ ಬಿಡಿಸುವುದು ಹೇಗೆಂದು ನನಗೆ ಇನ್ನೂ ಹೊಳೆದಿಲ್ಲ. ‘ಬಲಪಂಥೀಯ’ ಎಂಬುದು ಫ್ರೆಂಚ್ ಕ್ರಾಂತಿಯ ಕಾಲದ ಸಭೆಯ ಆಸನಗಳಿಂದ ಬಂದ ಪದ. ಅದರಲ್ಲಿ ಮಡಿಯ ವಾಸನೆ ಇಲ್ಲ, ಆದರೆ ಅಮೆರಿಕದಲ್ಲಿ ಅನೇಕರು ತಮ್ಮನ್ನು ತಾವೇ ಹೆಮ್ಮೆಯಿಂದ ಕನ್ಸರ್ವೇಟಿವ್ ಎಂದು ಕರೆದುಕೊಳ್ಳುವಾಗ ಇರುವ ಆಪ್ತತೆಯೂ ಇಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ‘ಕನ್ಸರ್ವೇಟಿವ್’ ಎಂದೇ ಬರೆದುಬಿಡುವುದು ಹೆಚ್ಚು ಪ್ರಾಮಾಣಿಕ.

ಇದಕ್ಕೆ ಅಂಟಿಕೊಂಡಂತೆ ‘ಪಂಡಿಟ್’ ಎಂಬ ಇನ್ನೊಂದು ಪದ ಬರುತ್ತದೆ. ಇಲ್ಲಿಂದ ಹೋದ ಪಂಡಿತನೇ ಅಲ್ಲಿ ಟಿವಿಯಲ್ಲಿ ರಾಜಕೀಯದ ಬಗ್ಗೆ ಅಭಿಪ್ರಾಯ ಹೇಳುತ್ತ ಕೂತಿದ್ದಾನೆ. ಅವನನ್ನು ‘ರಾಜಕೀಯ ಪಂಡಿತ’ ಎಂದು ತವರಿಗೆ ಕರೆತಂದರೆ, ಹಳೆ ಮೈಸೂರಿನ ಕಡೆ ಪಂಡಿತರೆಂದರೆ ನಾಡಿ ಹಿಡಿದು ಕಷಾಯ ಕೊಡುವ ವೈದ್ಯರು ಎಂದು ತಿಳಿದವರ ಮನೆಯಲ್ಲಿ ಅವನಿಗೆ ಕುರ್ಚಿ ಸಿಗುವುದು ಅನುಮಾನ. ಅಮೆರಿಕದ ಪ್ರಸಾರದಲ್ಲಿ ಎರಡೂ ಕಡೆಯವರಿಗೆ ಅವಕಾಶವಿರಬೇಕೆಂಬ ನಿಯಮ 1987ರಲ್ಲಿ ರದ್ದಾಗಿ, ಮರುವರ್ಷ ದೇಶವ್ಯಾಪಿ ರೇಡಿಯೊ ಕಾರ್ಯಕ್ರಮ ಆರಂಭಿಸಿದ ಕನ್ಸರ್ವೇಟಿವ್ ರಷ್ ಲಿಂಬಾ ಅಂಥವರನ್ನು ‘ವ್ಯಾಖ್ಯಾನಕಾರ’ ಎನ್ನುವುದಕ್ಕೂ ನನಗೆ ಮನಸ್ಸಿಲ್ಲ. ಗಮಕ ಸಭೆಯ ವ್ಯಾಖ್ಯಾನಕಾರರ ಮುಂದೆ ಕುಮಾರವ್ಯಾಸನ ಪದ್ಯವಾದರೂ ಇರುತ್ತದೆ. ‘ರೇಡಿಯೊ ಮಾತುಗಾರ’ ಸಾಕು.

ನಿಜವಾಗಿ ನನ್ನನ್ನು ವಾರಗಟ್ಟಲೆ ಕಾಡಿದ್ದು ‘ಸಾವರಿಂಟಿ’, ಎಂದರೆ ಹೊರಗಿನವರ ಹಂಗಿಲ್ಲದೆ ತನ್ನನ್ನು ತಾನೇ ಆಳಿಕೊಳ್ಳುವ ಅಧಿಕಾರ. ನಮ್ಮ ಸಂವಿಧಾನದ ಪ್ರಸ್ತಾವನೆಯಲ್ಲಿ ‘ಸಾರ್ವಭೌಮ’ ಇರುವುದರಿಂದ ‘ಸಾರ್ವಭೌಮತ್ವ’ಕ್ಕೆ ತಕರಾರೇ ಇರಬಾರದು. ಆದರೆ ಪದವನ್ನು ಬಿಡಿಸಿ ನೋಡಿ. ಸರ್ವಭೂಮಿಗೆ ಒಡೆಯನಾದವನು ಸಾರ್ವಭೌಮ, ಎಂದರೆ ಚಕ್ರವರ್ತಿ. ಉತ್ತರ ದಿಕ್ಕನ್ನು ಹೊತ್ತ ಆನೆಗೂ ಅದೇ ಹೆಸರು. ಆಡುಬಳಕೆಯಲ್ಲಿ ರಾಘವೇಂದ್ರಸ್ವಾಮಿಗಳು ಗುರುಸಾರ್ವಭೌಮರು, ರಾಜಕುಮಾರ್ ನಟಸಾರ್ವಭೌಮ, ಅನಕೃ ಕಾದಂಬರಿ ಸಾರ್ವಭೌಮ. ಎಲ್ಲಿಯೂ ‘ಸರಿಸಾಟಿಯಿಲ್ಲ’ ಎಂಬ ಹಿರಿಮೆಯೇ ಹೊರತು ‘ನನ್ನ ಬೇಲಿಯೊಳಗೆ ಯಾರೂ ಕಾಲಿಡಬೇಡಿ’ ಎಂಬ ಧ್ವನಿಯಿಲ್ಲ. ಅಮೆರಿಕದ ಕನ್ಸರ್ವೇಟಿವರ ಬಾಯಲ್ಲಿ ಈ ಪದಕ್ಕೆ ಇರುವುದು ಬೇಲಿಯ ಧ್ವನಿಯೇ. ಅಂತರರಾಷ್ಟ್ರೀಯ ಒಪ್ಪಂದಗಳು ದೇಶದ ಸಂವಿಧಾನವನ್ನು ಮೀರಬಾರದೆಂದು ಓಹಾಯೊದ ಸೆನೆಟರ್ ಜಾನ್ ಬ್ರಿಕರ್ ತಂದ ತಿದ್ದುಪಡಿಯ ಒಂದು ರೂಪ 1954ರಲ್ಲಿ ಸೆನೆಟ್‌ನಲ್ಲಿ ಒಂದೇ ಒಂದು ಮತದ ಕೊರತೆಯಿಂದ ಬಿದ್ದುಹೋಯಿತು. ಅದನ್ನು ವಿರೋಧಿಸಿದ ಅಧ್ಯಕ್ಷ ಐಸೆನ್‌ಹೋವರ್ ಕೂಡ ಬ್ರಿಕರ್ ಅವರ ಪಕ್ಷದವರೇ. ರೇಗನ್ ಅವರ ಶ್ವೇತಭವನದಲ್ಲಿ ಕೆಲಸ ಮಾಡಿ, ಟಿವಿ ಚರ್ಚೆಗಳಿಂದ ಮನೆಮಾತಾದ ಪ್ಯಾಟ್ ಬ್ಯುಕ್ಯಾನನ್ ಮುಂದೆ ಅಮೆರಿಕ, ಕೆನಡಾ, ಮೆಕ್ಸಿಕೊಗಳ ನಡುವಿನ ನಾಫ್ಟಾ ವ್ಯಾಪಾರ ಒಪ್ಪಂದವನ್ನು ಎದುರಿಸಿದ್ದು ಇದೇ ಪದವನ್ನು ಹಿಡಿದು. ಸೆನೆಟರ್ ಜೆಸ್ಸಿ ಹೆಲ್ಮ್ಸ್ 2000ದ ಜನವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಎದುರಿಗೇ ನಿಂತು ಇದೇ ಮಾತನ್ನು ಖಾರವಾಗಿ ಹೇಳಿದರು. 2017ರಲ್ಲಿ ಡೊನಾಲ್ಡ್ ಟ್ರಂಪ್ ಅವರು ಮಹಾಸಭೆಯಲ್ಲಿ ಮಾಡಿದ ಭಾಷಣದಲ್ಲಿ ಈ ಪದ ಮತ್ತು ಇದರ ರೂಪಗಳು 20ಕ್ಕೂ ಹೆಚ್ಚು ಸಲ ಬಂದವು. ಇದನ್ನೆಲ್ಲ ‘ಸಾರ್ವಭೌಮತ್ವ’ ಎಂದು ಕನ್ನಡಿಸಿದಾಗ ಜಗತ್ತಿನಿಂದ ಹಿಂದೆ ಸರಿಯುವ ದೇಶವೊಂದು ಜಗತ್ತನ್ನೇ ಆಳಲು ಹೊರಟಂತೆ ಕೇಳುತ್ತದೆ. ಹಾಗೆ ಕೇಳುವುದೇ ಸರಿ ಎನ್ನುವ ಗೆಳೆಯರೂ ನನಗಿದ್ದಾರೆ, ಅದು ಬೇರೆ ಮಾತು.

ರಾಜ್ಯಶಾಸ್ತ್ರದ ಪುಸ್ತಕಗಳಲ್ಲಿ ಬಳಕೆಯಲ್ಲಿರುವ ‘ಪರಮಾಧಿಕಾರ’ ಇದಕ್ಕಿಂತ ಮೇಲು ಎಂದು ನನಗೆ ತೋರಿತ್ತು. ಆದರೆ ಒಂದೇ ಕೃತ್ಯಕ್ಕಾಗಿ ಒಬ್ಬನನ್ನು ಅಲಬಾಮಾ ರಾಜ್ಯವೂ ಕೇಂದ್ರವೂ ಬೇರೆಬೇರೆಯಾಗಿ ವಿಚಾರಣೆಗೆ ಗುರಿಪಡಿಸಬಹುದು, ಏಕೆಂದರೆ ಎರಡೂ ಪ್ರತ್ಯೇಕ ‘ಸಾವರಿನ್’ಗಳು ಎಂದು 2019ರಲ್ಲಿ ಸುಪ್ರೀಂ ಕೋರ್ಟು 7–2ರ ಬಹುಮತದಿಂದ ಹೇಳಿದ ತೀರ್ಪಿನ ಮುಂದೆ ಅದೂ ಸೋತಿತು. ಪರಮವೆಂದರೆ ಒಂದೇ, ಒಂದು ಒರೆಯಲ್ಲಿ ಎರಡು ಕತ್ತಿ ಇಡುವುದೆಂತು? ಇದರ ಜೊತೆಗೆ, ಚೆರೊಕೀ ಜನರ ಮೊಕದ್ದಮೆಯಲ್ಲಿ 1831ರಷ್ಟು ಹಿಂದೆಯೇ ‘ದೇಶದೊಳಗಿನ ಅವಲಂಬಿತ ರಾಷ್ಟ್ರಗಳು’ ಎನಿಸಿಕೊಂಡ ಮೂಲನಿವಾಸಿ ಬುಡಕಟ್ಟುಗಳಿಗೂ ಇದೇ ಪದ ಅನ್ವಯವಾಗುತ್ತದೆ. ಅಲ್ಲಿ ‘ಸ್ವಾಯತ್ತತೆ’ ಎಂದರೆ ಮೇಲಿನವರು ಕೊಟ್ಟದ್ದು ಎಂಬ ಅರ್ಥ ಬಂದು, ಬುಡಕಟ್ಟುಗಳ ವಾದವೇ ಬಿದ್ದುಹೋಗುತ್ತದೆ. ಯಾರೂ ಕೊಡದೆ ಮೊದಲಿನಿಂದ ತಮ್ಮಲ್ಲೇ ಇದ್ದ ಅಧಿಕಾರವಿದು ಎಂಬುದು ಅವರ ನಿಲುವು.

ಒಂದೇ ಲೇಖನದಲ್ಲಿ ದೇಶಕ್ಕೆ ‘ಪರಮಾಧಿಕಾರ’, ರಾಜ್ಯಗಳಿಗೆ ಮತ್ತು ಬುಡಕಟ್ಟುಗಳಿಗೆ ‘ಸ್ವಾಧಿಕಾರ’ ಎಂದು ಎರಡು ಪದಗಳನ್ನು ಬಳಸಬಹುದೇ, ಅಥವಾ ಮೂಲದಲ್ಲಿ ಒಂದೇ ಪದ ಇರುವುದರಿಂದಲೇ ಅಲ್ಲಿ ಜಗಳ ಹುಟ್ಟಿದೆಯಾದ್ದರಿಂದ ಕನ್ನಡದಲ್ಲಿಯೂ ಒಂದನ್ನೇ ಉಳಿಸಿಕೊಳ್ಳಬೇಕೇ? ಕಾನೂನಿನ ಅನುವಾದದಲ್ಲಿ ಪಳಗಿದವರು ‘ಸ್ವಾಧಿಕಾರ’ವನ್ನು ಈ ಅರ್ಥದಲ್ಲಿ ಎಲ್ಲಿಯಾದರೂ ಕಂಡಿದ್ದರೆ ದಯವಿಟ್ಟು ಆ ವಾಕ್ಯವನ್ನೇ ಇಲ್ಲಿ ಬರೆದು ತಿಳಿಸಿ.