ಮಗ ಫುಟ್‌ಬಾಲ್ ಸೇರ್ತೀನಿ ಅಂತಾನಾ? ಅಲನ್ ಪೇಜ್ ಕಥೆ ಕೇಳಿ

ಎಲ್ಲರಿಗೂ ನಮಸ್ಕಾರ. ಮೊನ್ನೆ ಇಲ್ಲಿ ಒಬ್ಬ ತಾಯಿ ಕೇಳಿದ್ದರಲ್ಲ, "ಮಗ ಅಮೆರಿಕನ್ ಫುಟ್‌ಬಾಲ್ ಸೇರ್ತೀನಿ ಅಂತ ಹಠ ಹಿಡಿದಿದ್ದಾನೆ, ಓದು ಹಾಳಾಗಲ್ವಾ?" ಅಂತ. ಅವರಿಗೆ ನಮ್ಮ ಊರಿನ ಒಬ್ಬರ ಬಗ್ಗೆ ಹೇಳಬೇಕು ಅನ್ನಿಸಿತು. ಸ್ವಲ್ಪ ಉದ್ದವಾಗಿದೆ, ಪುರುಸೊತ್ತಿನಲ್ಲಿ ಓದಿ.

ನಾವಿರುವುದು ಮಿನಿಯಾಪೊಲಿಸ್‌ನಲ್ಲಿ. ಪ್ರತಿ ಅಕ್ಟೋಬರ್‌ನಲ್ಲಿ ಇಲ್ಲಿ ಟ್ವಿನ್ ಸಿಟೀಸ್ ಮ್ಯಾರಥಾನ್ ನಡೆಯುತ್ತದೆ. ಒಂದು ವರ್ಷ ಗೆಳತಿ ಓಡುತ್ತಿದ್ದಳು ಅಂತ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬೆಳಗಿನ ಚಳಿ, ಫ್ಲಾಸ್ಕಿನಲ್ಲಿ ಕಾಫಿ. ರಸ್ತೆ ಬದಿಯಲ್ಲಿ ವಯಸ್ಸಾದ, ಎತ್ತರದ ವ್ಯಕ್ತಿಯೊಬ್ಬರು ದೊಡ್ಡ ಟ್ಯೂಬಾ ಹಿಡಿದು ಊದುತ್ತಿದ್ದರು. ಓಡುವವರಿಗೆ ಹುರುಪು ಬರಲಿ ಅಂತ. ನನ್ನ ಮಗನ ಕಣ್ಣು ಅವರ ಕಿರುಬೆರಳ ಮೇಲೆ ನಿಂತುಬಿಟ್ಟಿತು. ಅದು ಉಳಿದ ಬೆರಳುಗಳನ್ನು ಬಿಟ್ಟು ಸೀದಾ ಅಡ್ಡಕ್ಕೆ ಚಾಚಿಕೊಂಡಿತ್ತು. ಆಟದಲ್ಲಿ ಕೀಲು ತಪ್ಪಿದ ಬೆರಳು ಅದು. ಪಕ್ಕದಲ್ಲಿದ್ದವರು ಹೇಳಿದರು, "ಅವರು ಜಸ್ಟಿಸ್ ಪೇಜ್."

ಅಲನ್ ಪೇಜ್ ಹುಟ್ಟಿದ್ದು 1945ರಲ್ಲಿ, ಒಹಾಯೋದ ಕ್ಯಾಂಟನ್‌ನಲ್ಲಿ. ಆ ಊರಿನಲ್ಲಿ ಫುಟ್‌ಬಾಲ್ ಹಾಲ್ ಆಫ್ ಫೇಮ್, ಅಂದರೆ ದೊಡ್ಡ ಆಟಗಾರರನ್ನು ಗೌರವಿಸುವ ಭವನ ಕಟ್ಟುವಾಗ ಹುಡುಗ ಅಲನ್ ಅಲ್ಲಿ ಕೂಲಿ ಕೆಲಸ ಮಾಡಿದ್ದರು. 1988ರಲ್ಲಿ ಅದೇ ಕಟ್ಟಡ ಅವರನ್ನು ಗೌರವಿಸಿ ಒಳಗೆ ಕರೆದುಕೊಂಡಿತು. ನಡುವೆ ನೋಟರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಓದು, 1967ರಿಂದ ಮಿನೆಸೋಟ ವೈಕಿಂಗ್ಸ್ ತಂಡದಲ್ಲಿ ಆಟ. ಅವರು ಆಡುತ್ತಿದ್ದದ್ದು ಡಿಫೆನ್ಸಿವ್ ಟ್ಯಾಕಲ್ ಜಾಗದಲ್ಲಿ. ಅಂದರೆ ಎದುರಿನ ಭಾರೀ ಆಳುಗಳ ಸಾಲನ್ನು ಸೀಳಿಕೊಂಡು ನುಗ್ಗಿ, ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವುವ ಕೆಲಸ. ಹೆಸರು, ದುಡ್ಡು ಜಾಸ್ತಿ ಬರುವುದು ಚೆಂಡು ಎಸೆಯುವವರಿಗೆ. ಆದರೂ 1971ರಲ್ಲಿ ಇಡೀ ಎನ್ಎಫ್‌ಎಲ್‌ನ (ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್) ಅತ್ಯುತ್ತಮ ಆಟಗಾರ ಅಂತ ಆರಿಸಿದ್ದು ಇವರನ್ನು. ಡಿಫೆನ್ಸ್ ಆಡುವವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಲೀಗಿನ ಫೈನಲ್ ಆದ ಸೂಪರ್ ಬೌಲ್ ಅನ್ನು ನಾಲ್ಕು ಸಲ ಆಡಿದರು, ನಾಲ್ಕರಲ್ಲೂ ಸೋಲು.

ನನ್ನ ಮನಸ್ಸಿಗೆ ತಟ್ಟಿದ್ದು ಬೇರೆ ವಿಷಯ. ತಂಡದ ಒಂದು ಮೀಟಿಂಗ್‌ನಲ್ಲಿ ಆಟದ ತಂತ್ರಗಳ ಪುಸ್ತಕವನ್ನು ಗಟ್ಟಿಯಾಗಿ ಓದಿ ಅಂದಾಗ ಕೆಲವು ಆಟಗಾರರಿಗೆ ಓದಲು ಆಗಲಿಲ್ಲವಂತೆ. ಎಲ್ಲರೂ ಕಾಲೇಜು ದಾಟಿ ಬಂದವರೇ. ಚೆನ್ನಾಗಿ ಆಡ್ತಾನೆ ಅಂತ ಶಾಲೆಯವರು ಅವರನ್ನು ಸುಮ್ನೆ ಮುಂದೆ ದಾಟಿಸಿಬಿಟ್ಟಿದ್ದರು. ಇದನ್ನು ಪೇಜ್ ಮುಂದೆ ಮತ್ತೆ ಮತ್ತೆ ಹೇಳಿದ್ದಾರೆ.

ಪೇಜ್ ತಾವೂ ಮೊದಲ ಸಲ ಕಾನೂನು ಓದಲು ಸೇರಿ ಕೆಲವೇ ವಾರಗಳಲ್ಲಿ ಬಿಟ್ಟಿದ್ದರು. ಮತ್ತೆ ಮಿನೆಸೋಟ ವಿಶ್ವವಿದ್ಯಾಲಯಕ್ಕೆ ಸೇರಿ, ವೈಕಿಂಗ್ಸ್‌ಗೆ ಆಡುತ್ತಲೇ ಓದಿ, 1978ರಲ್ಲಿ ಪದವಿ ಪಡೆದರು. ಅದೇ ಹೊತ್ತಿಗೆ ದೂರದ ಓಟದ ಹುಚ್ಚು ಹತ್ತಿತ್ತು, ತೂಕ ಇಳಿಯಿತು. ತಂಡಕ್ಕೆ ಅದು ಹಿಡಿಸಲಿಲ್ಲ. ಅದೇ 1978ರಲ್ಲಿ, ಸೀಸನ್ ನಡುವೆಯೇ ಕೈಬಿಟ್ಟರು. ಶಿಕಾಗೋ ಬೇರ್ಸ್ ಸೇರಿ 1981ರವರೆಗೆ ಆಡಿದರು. 1992ರಲ್ಲಿ ಚುನಾವಣೆ ಗೆದ್ದು ಮಿನೆಸೋಟ ರಾಜ್ಯದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು. 2015ರಲ್ಲಿ, 70 ತುಂಬಿದಾಗ ನಿವೃತ್ತಿ. ಆ ಕಿರುಬೆರಳಿನ ಮೇಲೆ ಮಗಳ ಜೊತೆ ಸೇರಿ ಮಕ್ಕಳಿಗೆ ಒಂದು ಪುಸ್ತಕವನ್ನೂ ಬರೆದಿದ್ದಾರೆ.

ಈಗ ಆ ತಾಯಿಗೆ. ಆಟ ಓದನ್ನು ತಿಂದುಹಾಕುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಓದು ಎಲ್ಲಿಗೆ ಬಂತು ಅಂತ ಮನೆಯಲ್ಲಿ ಕೇಳುವವರು ಇದ್ದರೆ ಸಾಕು. ನನಗೆ ನಿಜವಾಗಿ ಭಯ ಇರುವುದು ತಲೆಗೆ ಬೀಳುವ ಪೆಟ್ಟಿನ ಬಗ್ಗೆ. ವರ್ಷಗಟ್ಟಲೆ ಪೆಟ್ಟು ತಿಂದ ಮಿದುಳಿಗೆ ಏನಾಗುತ್ತದೆ ಅಂತ ಈಗ ಎಲ್ಲರಿಗೂ ಗೊತ್ತು. ಅದಕ್ಕೇ ನಮ್ಮ ಮಗನನ್ನು ಫ್ಲ್ಯಾಗ್ ಫುಟ್‌ಬಾಲ್‌ಗೆ ಸೇರಿಸಿದೆವು. ಕೆಡವುವುದಿಲ್ಲ, ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಆಯಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಅದು ಇದೆ. ಕೆಡವಿ ಆಡುವ ಟ್ಯಾಕಲ್ ಆಟ ಬೇಕೇ ಬೇಕು ಅಂದರೆ ಹೈಸ್ಕೂಲ್ ಬರಲಿ, ಆಮೇಲೆ ಕೂತು ಮಾತಾಡೋಣ ಅಂದಿದ್ದೇವೆ. ಒಪ್ಪಿಕೊಂಡಿದ್ದಾನೆ.

ಇನ್ನೊಂದು ಮಾತು, ಮಿನೆಸೋಟದವರಿಗೆ. ಪೇಜ್ ದಂಪತಿ 1988ರಲ್ಲಿ ಪೇಜ್ ಎಜುಕೇಶನ್ ಫೌಂಡೇಶನ್ ಶುರು ಮಾಡಿದರು. ಕಪ್ಪು, ಕಂದು ಬಣ್ಣದ ಮಕ್ಕಳಿಗೆ ಕಾಲೇಜಿಗೆ ಹಣ ಕೊಡುತ್ತದೆ. ಶರತ್ತು ಒಂದೇ: ದುಡ್ಡು ತಗೊಂಡವರು ತಮಗಿಂತ ಚಿಕ್ಕ ಮಕ್ಕಳಿಗೆ ಓದಲು ಸಹಾಯ ಮಾಡಬೇಕು. ನನ್ನ ಮಗಳು ಇನ್ನೂ ಹೈಸ್ಕೂಲು. ಈಗಿನಿಂದಲೇ ಶನಿವಾರ ಲೈಬ್ರರಿಯಲ್ಲಿ ಇಬ್ಬರು ಪುಟ್ಟ ಮಕ್ಕಳನ್ನು ಕೂರಿಸಿಕೊಂಡು ಪುಸ್ತಕ ಓದಿಸುತ್ತಾಳೆ. ನಿಮ್ಮ ಚಿಕ್ಕವರು ಯಾರಾದರೂ ಇದ್ದರೆ ಕಳಿಸಿ, ಇನ್ನಿಬ್ಬರಿಗೆ ಜಾಗ ಇದೆ.