‘ಮುಂಬಯಿ ಯಾರನ್ನೂ ಹಸಿದು ಮಲಗಿಸುವುದಿಲ್ಲ’: ಈ ಮಾತು ಎಷ್ಟು ನಿಜ?

ಡೊಂಬಿವಲಿ ವಾಸಿ:
ನಮ್ಮ ಕರಾವಳಿಯ ಮನೆಗಳಲ್ಲಿ ಮುಂಬಯಿಯ ಬಗ್ಗೆ ಎರಡು ಮಾತುಗಳು ತಲೆಮಾರುಗಳಿಂದ ಚಾಲ್ತಿಯಲ್ಲಿವೆ. ಈ ನಗರ ನಿದ್ರಿಸುವುದಿಲ್ಲ ಎಂಬುದು ಒಂದು. ದುಡಿಯುವ ಮನಸ್ಸಿದ್ದವನನ್ನು ಅದು ಹಸಿದು ಮಲಗಲು ಬಿಡುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಬೇಗ ಮುಗಿಸಿಬಿಡೋಣ. ರಾತ್ರಿ ಒಂದರ ಸುಮಾರಿಗೆ ಕೊನೆಯ ಲೋಕಲ್ ರೈಲು ಹೊರಟರೆ ಮುಂದಿನದಕ್ಕೆ ನಾಲ್ಕರವರೆಗೆ ಕಾಯಬೇಕು. ಮುಂಬಯಿಯ ಮಾಲ್ ಮತ್ತು ಹೋಟೆಲುಗಳು ರಾತ್ರಿಯಿಡೀ ತೆರೆದಿರಬಹುದೆಂದು ಸರ್ಕಾರ 2020ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತಾದರೂ, ಬಹುತೇಕ ಬಡಾವಣೆಗಳಲ್ಲಿ ಹೊತ್ತಿಗೆ ಸರಿಯಾಗಿ ಶಟರ್ ಬೀಳುತ್ತದೆ. ಎರಡನೆಯ ಮಾತನ್ನು ಮಾತ್ರ ಸುಲಭಕ್ಕೆ ತಳ್ಳಿಹಾಕಲಾರೆ. ಬಲ್ಲವರು ಹೇಳಬೇಕು.

ಮಾಟುಂಗಾದ ಹಿರಿಯ:
ಅದು ನಿಜ, ಏಕೆಂದರೆ ನಾನೇ ಹಾಗೆ ಉಂಡು ಬೆಳೆದವನು. ನಮ್ಮ ಕಾಲದಲ್ಲಿ ಹುಡುಗರು ಊರಿನ ಯಾರದೋ ಒಂದು ಚೀಟಿ ಹಿಡಿದು ಬಸ್ಸು ಹತ್ತುತ್ತಿದ್ದರು. ಬಂದವನಿಗೆ ಮೊದಲು ಸಿಗುತ್ತಿದ್ದದ್ದು ಊರಿನವರ ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಆಮೇಲೆ ಮಾಣಿ, ದೈವ ಚೆನ್ನಾಗಿದ್ದರೆ ಗಲ್ಲಾ. ರಾತ್ರಿ ಗಿರಾಕಿಗಳು ಹೋದ ಮೇಲೆ ನಾಲ್ಕು ಟೇಬಲ್ ಜೋಡಿಸಿ ಅದರ ಮೇಲೆಯೇ ಮಲಗುತ್ತಿದ್ದೆವು. ಕೆಳಗೆ ಮಲಗಿದರೆ ಬೆಳಿಗ್ಗೆ ನೆಲ ತೊಳೆಯುವವನು ನೀರು ಚೆಲ್ಲಿಯೇ ಎಬ್ಬಿಸುತ್ತಿದ್ದ. ಸಂಜೆ ಕೋಟೆ ಪ್ರದೇಶದ ಕನ್ನಡ ರಾತ್ರಿ ಶಾಲೆಗೆ ಹೋಗಲು ಧಣಿಗಳು ಬಿಡುತ್ತಿದ್ದರು. ಹೀಗೆ ಓದಿ ಬ್ಯಾಂಕು ಸೇರಿದವರನ್ನೂ ವಕೀಲರಾದವರನ್ನೂ ನಾನು ಬಲ್ಲೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಲ್ಲಿಯೂ ಬಂಟರ ಸಂಘ 1927ರಲ್ಲಿಯೂ ಮಾಹೀಮಿನ ಕರ್ನಾಟಕ ಸಂಘ 1933ರಲ್ಲಿಯೂ ಹುಟ್ಟಿದವು. ಇಷ್ಟೆಲ್ಲ ನಡೆದ ಊರಿಗೆ ಅನ್ನ ಕೊಡುವ ಊರು ಎಂದರೆ ತಪ್ಪೇನು?

ಕೋಥರೂಡ್ ಓದುಗ:
ಹಿರಿಯರ ಅನುಭವವನ್ನು ಗೌರವಿಸುತ್ತಲೇ ಒಂದು ತಕರಾರು ಎತ್ತುತ್ತೇನೆ. ತಾವು ಹೇಳಿದ್ದರಲ್ಲಿ ಅನ್ನ ಕೊಟ್ಟದ್ದು ಮುಂಬಯಿ ಎಲ್ಲಿದೆ? ಚೀಟಿ ಊರಿನದು, ಧಣಿ ಊರಿನವರು, ಸಂಘ ಹೆಚ್ಚಾಗಿ ಜಾತಿಯದು. ಅಂಥ ಚೀಟಿ ಇಲ್ಲದೆ ಬಂದವರ ಕಥೆಯೂ ಇದೇ ನಗರದಲ್ಲಿದೆ. 1982ರ ಜನವರಿ 18ರಂದು ಆರಂಭವಾದ ಬಟ್ಟೆ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರಿದ್ದರು. ತಿಂಗಳುಗಳು ಉರುಳಿದಂತೆ ಅವರಲ್ಲಿ ಅನೇಕರು ಕೊಂಕಣಕ್ಕೂ ಸಾತಾರಾ ಕಡೆಗೂ ಮರಳಿದ್ದು ಈ ನಗರ ಅವರಿಗೆ ಅನ್ನ ಕೊಡುತ್ತಿದ್ದುದರಿಂದ ಅಲ್ಲ. ನಮ್ಮ ಪುಣೆಯ ಬಗ್ಗೆಯೂ ಇಂಥದ್ದೇ ಒಂದು ಮಾತಿದೆ: ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಅಂಗಡಿಯವನು ಮಲಗಿರುತ್ತಾನಂತೆ. ಪೇಟೆಯ ಹಳೆಯ ಅಂಗಡಿಗಳನ್ನು ಕಂಡು ಕಟ್ಟಿದ ಮಾತನ್ನು ಐಟಿ ಕಂಪನಿಗಳ ಹಿಂಜವಡಿಗೂ ಹಚ್ಚುತ್ತಾರೆ.

ಠಾಣೆ ಉದ್ಯೋಗಸ್ಥೆ:
ಕೋಥರೂಡಿನವರ ವಾದ ಚುರುಕಾಗಿದೆ, ಆದರೆ ಪೂರ್ತಿ ಒಪ್ಪಲಾರೆ. ಊರು, ಜಾತಿ, ಭಾಷೆ ಯಾವುದರ ಗುರುತೂ ಇಲ್ಲದವರ ನಡುವೆ ನಡೆಯುವ ಪದ್ಧತಿಗಳೂ ಇಲ್ಲಿವೆ. ಸಂಜೆಯ ಲೇಡೀಸ್ ಡಬ್ಬಿ ಹತ್ತಿದೊಡನೆ ನಾನು ಕುಳಿತವರನ್ನು ಒಬ್ಬೊಬ್ಬರಾಗಿ ಎಲ್ಲಿ ಇಳಿಯುತ್ತೀರಿ ಎಂದು ಕೇಳುತ್ತೇನೆ. ಘಾಟಕೋಪರ್ ಎಂದು ಒಬ್ಬಾಕೆ ಹೇಳಿದರೆ ಆ ಜಾಗ ನನ್ನದಾಯಿತು, ನಾನು ಇಳಿಯುವ ಸ್ಟೇಷನ್ನನ್ನು ಕೇಳಿ ನನ್ನ ಹಿಂದೆ ಮತ್ತೊಬ್ಬಾಕೆ ಸರದಿಗೆ ನಿಲ್ಲುತ್ತಾಳೆ. ಮೂವರ ಬೆಂಚಿನಲ್ಲಿ ನಾಲ್ಕನೆಯವಳು ಅಂಚಿಗೆ ಅಂಟಿ ಕುಳಿತುಕೊಳ್ಳಲು ಬಂದರೆ ಉಳಿದವರು ಸರಿಯಲೇಬೇಕು, ಗೊಣಗುತ್ತಲಾದರೂ. ಬರೆದಿಟ್ಟ ನಿಯಮ ಯಾವುದೂ ಇಲ್ಲ. ಮುಂಬಯಿಯವರಿಗೆ ಪರರ ಪರಿವೆಯೇ ಇಲ್ಲ ಎನ್ನುವವರು ಈ ಡಬ್ಬಿಯಲ್ಲಿ ಒಮ್ಮೆ ಕಲ್ಯಾಣದವರೆಗೆ ಬರಬೇಕು. ಹಾಗೆಂದು ಅದನ್ನು ಮಮತೆ ಎಂದೂ ಭಾವಿಸಬೇಡಿ. ದಿನವೂ ಅದೇ ಗಾಡಿಗೆ ಬರುವವರ ಗುಂಪು ಹೊಸಬಳನ್ನು ಬಾಗಿಲಲ್ಲೇ ತಡೆದು ಬೈಯುವುದನ್ನೂ ನೋಡಿದ್ದೇನೆ.

ವಾಸ್ಕೋದಿಂದ:
ಗೋವೆ ಎಂದರೆ ಮೋಜು, ಮದ್ಯ, ಇಗರ್ಜಿ ಎಂಬ ಚಿತ್ರ ಎಲ್ಲರ ತಲೆಯಲ್ಲಿದೆ. 2011ರ ಜನಗಣತಿಯ ಪ್ರಕಾರ ಇಲ್ಲಿ ಕ್ರೈಸ್ತರು ಶೇಕಡಾ 25ರಷ್ಟು, ಹಿಂದೂಗಳು 66ರಷ್ಟು. ವಿಜಯಪುರ, ಬಾಗಲಕೋಟೆಗಳಿಂದ ಗೌಂಡಿ ಕೆಲಸಕ್ಕೆ ಬಂದ ನಮ್ಮವರು ಕಂಡ ಗೋವೆಯಂತೂ ಬೇರೆಯೇ. ಬೈನಾ ಕಡಲತೀರದ ಮನೆಗಳನ್ನು 2004ರಲ್ಲಿ ಕೆಡವಿದಾಗ ಸೂರು ಕಳೆದುಕೊಂಡವರಲ್ಲಿ ಕನ್ನಡಿಗರು ಬಹಳ ಮಂದಿ ಇದ್ದರು. ಮಾಟುಂಗಾದ ಹಿರಿಯರಿಗೆ ಸಿಕ್ಕಂಥ ಧಣಿಯಾಗಲಿ ರಾತ್ರಿ ಶಾಲೆಯಾಗಲಿ ಅವರಿಗೆ ಸಿಗಲಿಲ್ಲ. ಆದ್ದರಿಂದ ನಾನು ಕೋಥರೂಡಿನವರ ಪಕ್ಷ.

ಮಾಟುಂಗಾದ ಹಿರಿಯ:
ಗಿರಣಿಗಳ ಮಾತು ಬಂದದ್ದರಿಂದ ಹೇಳುತ್ತೇನೆ. ಊರಲ್ಲಿ ಸಂಸಾರ ಬಿಟ್ಟು ಬಂದ ಗಿರಣಿ ಕಾರ್ಮಿಕರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದವರು ಖಾನಾವಳಿ ನಡೆಸುವ ಹೆಂಗಸರು. ಅವರನ್ನು ಒಗ್ಗೂಡಿಸಲು ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಅದಕ್ಕೆ ಯಾವ ಊರಿನ ಚೀಟಿ ಬೇಕಾಗಿತ್ತು, ಸ್ವಾಮಿ?

ಕೋಥರೂಡ್ ಓದುಗ:
ಒಳ್ಳೆಯ ಉದಾಹರಣೆ. ಆದರೆ ಗಿರಣಿಯ ಸಂಬಳ ನಿಂತಾಗ ಖಾನಾವಳಿಯ ಒಲೆಗೂ ಆದಾಯವಿರಲಿಲ್ಲ. ಅನ್ನ ಹಾಕಿದವರು ಆ ಹೆಂಗಸರು, ಕೀರ್ತಿ ಮಾತ್ರ ನಗರಕ್ಕೆ.

ಡೊಂಬಿವಲಿ ವಾಸಿ:
ನಮ್ಮ ಉಡುಪಿ ಹೋಟೆಲುಗಳಲ್ಲಿ ಈಗ ಟೇಬಲ್ ಒರೆಸುವವರು ಹೆಚ್ಚಾಗಿ ಉತ್ತರ ಪ್ರದೇಶ, ಬಿಹಾರ, ಒಡಿಶಾಗಳ ಹುಡುಗರು. ಧಣಿಗಳ ಮಕ್ಕಳು ಗಲ್ಲಾದಲ್ಲಿ ಕೂರಲು ಒಲ್ಲರು. ಬಹುಶಃ ಆ ಹುಡುಗರೂ ತಮ್ಮ ಮನೆಗಳಲ್ಲಿ ಮುಂಬಯಿಯ ಬಗ್ಗೆ ಇದೇ ಮಾತನ್ನು ಹೇಳುತ್ತಿರಬಹುದು.

ಠಾಣೆ ಉದ್ಯೋಗಸ್ಥೆ:
ಹೇಳುತ್ತಿರಬಹುದು. ಆದರೆ 2020ರಲ್ಲಿ ಲೋಕಲ್ ನಿಂತು ಹೋಟೆಲುಗಳು ಮುಚ್ಚಿದಾಗ, ನಾಶಿಕ್ ಹೆದ್ದಾರಿ ಹಿಡಿದು ಊರಿನತ್ತ ನಡೆದುಹೋದ ಜನರಲ್ಲಿ ಅಂಥ ಹುಡುಗರೂ ಇದ್ದರು. ಅವರಿಗೂ ಆಗ ಹಸಿದು ಮಲಗಿಸುವುದಿಲ್ಲ ಎಂದೇ ಹೇಳುತ್ತೀರಾ, ಹಿರಿಯರೇ?